ಸುರೇಬಾನದ ಲ್ಯಾಪ್‌ಟಾಪಿಗೆ ದನಿ ಬಂದದ್ದು

ಬಹಳ ದಿನ ಮುಚ್ಚಿಟ್ಟ ಕಂಪ್ಯೂಟರನ್ನು ಮಳೆಗಾಲದಲ್ಲಿ ಚಾಲೂ ಮಾಡಿದರೆ ಒಂದು ವಾಸನೆ ಬರುತ್ತದೆ. ಒಳಗೆ ಕೂತ ಧೂಳು ಮೊದಲು ಹಸಿಯಾಗಿ, ಆಮೇಲೆ ಕಾದು, ಹಂಚಿನ ಮೇಲೆ ಉಳಿದ ಹಿಟ್ಟು ಸೀದಂತೆ ಮೂಗಿಗೆ ಬಡಿಯುತ್ತದೆ. ಕಳೆದ ವಾರ ಬೈಲಹೊಂಗಲದ ನಮ್ಮ ಮನೆಯ ಅಟ್ಟದಿಂದ ಹಳೆಯ ಕಂಪ್ಯೂಟರೊಂದನ್ನು ಇಳಿಸಿ ಸ್ವಿಚ್ ಒತ್ತಿದಾಗ ಅದೇ ವಾಸನೆ ಬಂತು. ಅಡುಗೆಮನೆಯಿಂದ ಅವ್ವ "ಏನರೆ ಸುಡಲಿಕ್ಕತ್ತದೇನ ಶೈಲಾ?" ಎಂದು ಕೂಗಿದಳು. ಏನೂ ಸುಡುತ್ತಿರಲಿಲ್ಲ. ನನಗೆ ಮಾತ್ರ ರಾಮದುರ್ಗದ ಕಾಲೇಜಿನ ಲ್ಯಾಬು, ಅಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿದ್ದ ಒಂದೇ ಒಂದು ವರ್ಷ, ಆ ವರ್ಷದ ಮಳೆ, ಸುಜಾತಾ ಟೀಚರ್, ಎಲ್ಲ ಒಟ್ಟಿಗೇ ನೆನಪಾದವು.

ಆ ವರ್ಷ ಮುಂಗಾರು ತಡ ಮಾಡದೆ ಬಂದಿತ್ತು. ಕಾಲೇಜಿನ ಲ್ಯಾಬಿನ ಮೂಲೆಯಲ್ಲಿ ಸೋರುವ ಜಾಗಕ್ಕೆ ಬಕೆಟ್ ಇಟ್ಟು ಪಾಠ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಪಕ್ಕದ ಹೈಸ್ಕೂಲಿನ ಹೆಡ್ ಮಾಸ್ತರರು ಛತ್ರಿ ಹಿಡಿದು ಬಂದರು. "ಮೇಡಂ, ಜರಾ ಬಂದು ನೋಡಿ ಹೋಗ್ರಿ. ನಮ್ಮ ಕನ್ನಡ ಟೀಚರಿಗೆ ದಾನಿಗಳು ಹೊಸಾ ಲ್ಯಾಪ್‌ಟಾಪ್ ಕೊಟ್ಟಾರ. ಎಷ್ಟ್ ಛಲೋ ಮಾತಾಡತೈತಿ ಅಂತೀರಿ! ಆದ್ರ ಅವರಿಗೆ ಅದು ಸೇರವಲ್ದು" ಎಂದರು. ಲ್ಯಾಪ್‌ಟಾಪ್ ಮಾತಾಡುವುದು, ಅದು ಒಬ್ಬರಿಗೆ ಸೇರದಿರುವುದು, ಎರಡೂ ನನಗೆ ಕುತೂಹಲವೇ. ಅವರ ಛತ್ರಿಯಲ್ಲೇ ಅರ್ಧ ನೆನೆಯುತ್ತ ಹೋದೆ.

ಸುಜಾತಾ ಟೀಚರ್ ಹುಟ್ಟಿನಿಂದ ಕಣ್ಣು ಕಾಣದವರು. ಸುರೇಬಾನದಿಂದ ದಿನಾ ಬಸ್ಸಿನಲ್ಲಿ ಬಂದು ಹತ್ತನೇ ಕ್ಲಾಸಿಗೆ ಕನ್ನಡ ಕಲಿಸುತ್ತಿದ್ದರು. ಪಾಠದ ಟಿಪ್ಪಣಿ, ವಾರದ ಪರೀಕ್ಷೆಯ ಪ್ರಶ್ನೆಪತ್ರಿಕೆ ಎಲ್ಲವನ್ನೂ ತಾವೇ ಟೈಪ್ ಮಾಡುತ್ತಿದ್ದರು. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವೊಂದು ಅವರು ಒತ್ತಿದ ಅಕ್ಷರವನ್ನೆಲ್ಲ ಕಿವಿಗೆ ಮುಟ್ಟಿಸುತ್ತಿತ್ತು. ಬೇಸಿಗೆಯಲ್ಲಿ ಅವರ ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿತ್ತು. ಹೊಸದರಲ್ಲಿ ಅದೇ ತಂತ್ರಾಂಶದ ಹೊಸ ಆವೃತ್ತಿ, ಹೊಸ ದನಿ.

"ಕೇಳ್ರಿ" ಎಂದು ಅವರು ಒಂದು ಪಾಠ ತೆರೆದರು. ಆಕಾಶವಾಣಿಯ ಹೆಣ್ಣುಮಗಳಂತೆ ಇಂಪಾದ ದನಿ ಹರಿಯಿತು. ಹೆಡ್ ಮಾಸ್ತರರು ನೋಡಿದಿರಾ ಎನ್ನುವಂತೆ ನನ್ನ ಕಡೆ ತಿರುಗಿದರು. ಟೀಚರ್ ಸುಮ್ಮನೆ ವೇಗ ಏರಿಸಿದರು, ಇನ್ನೂ ಏರಿಸಿದರು. ಆ ಇಂಪಿನ ಹೆಣ್ಣುಮಗಳು ಬಾಯಿತುಂಬ ಅವಲಕ್ಕಿ ತುಂಬಿಕೊಂಡು ಮಾತಾಡತೊಡಗಿದಳು. ಆಮೇಲೆ ಟೀಚರ್ ತಮ್ಮ ಮೊಬೈಲಿನಲ್ಲಿ ಹಿಂದೆ ಎಂದೋ ರೆಕಾರ್ಡ್ ಮಾಡಿಟ್ಟುಕೊಂಡ ಹಳೆಯ ದನಿ ಕೇಳಿಸಿದರು. ತಗಡು ತಟ್ಟಿದಂಥ ಸದ್ದು, ನನಗೆ ಒಂದು ಶಬ್ದವೂ ತಲೆಗೆ ಹತ್ತಲಿಲ್ಲ.

"ಇದು ನನ್ನ ವೇಗ" ಎಂದರು. "ಎಲ್ಲಾರೂ ತಗಡಿನ ದನಿ ಅಂತ ನಗತಾರ. ತಗಡ ಇರವಲ್ದ್ಯಾಕ, ಒಂದಕ್ಷರ ನುಂಗೂದಿಲ್ರಿ ಅದು. ಈಕಿ ನೋಡ್ರಿ, ನಿಧಾನ ಮಾತಾಡಿದ್ರಷ್ಟ ಛಂದ. ಒಂದು ಪತ್ರಿಕೆ ತಿದ್ದೂದ್ರಾಗ ಹೊತ್ತ ಮುಳಗತೈತಿ."

ಹಳೆಯ ದನಿ ಹೊಸ ಲ್ಯಾಪ್‌ಟಾಪಿನಲ್ಲಿ ಕೂರುತ್ತಲೇ ಇರಲಿಲ್ಲ. ಹಳೆಯ ತಂತ್ರಾಂಶವನ್ನೇ ಹಾಕಿ ನೋಡಿದೆ, ಅದು ಹೊಸ ಯಂತ್ರದ ಅರ್ಧ ಕಿಟಕಿಗಳನ್ನು ಓದಲೇ ಇಲ್ಲ. ಹೊರಗೆ ವರಾಂಡದಲ್ಲಿ ಹೆಡ್ ಮಾಸ್ತರರು ದನಿ ತಗ್ಗಿಸಿ ಹೇಳಿದರು: "ಪ್ರಶ್ನೆಪತ್ರಿಕೆ ತಡ ಆಗಾಕತ್ತಾವ್ರಿ. ಹತ್ತನೇ ಕ್ಲಾಸ್ ಅಂದ್ರ ಪಾಲಕರು ಬಿಡೂದಿಲ್ಲ. ದಸರಾ ಸೂಟಿ ಮುಗಿಯೂದ್ರಾಗ ಸರಿ ಹೋಗಲಿಲ್ಲಂದ್ರ ಹತ್ತನೇದ್ದು ಬ್ಯಾರೆಯವರಿಗೆ ಕೊಟ್ಟು ಇವರಿಗೆ ಎಂಟನೇದ್ದು ಕೊಡಬೇಕಾಗತೈತಿ. ನನಗೇನ್ ಖುಷಿ ಐತೇನ್ರಿ?"

ಒಳಗೆ ಹೋದಾಗ ಟೀಚರ್ ಲ್ಯಾಪ್‌ಟಾಪ್ ಮುಚ್ಚಿ ಕೂತಿದ್ದರು. "ಸರ್ ಎಷ್ಟು ಸಣ್ಣಗೆ ಮಾತಾಡಿದ್ರೂ ನನಗ ಕೇಳಸ್ತೈತ್ರಿ" ಎಂದರು. "ಒಬ್ರು ಓದಿ ಹೇಳೂದು, ನಾ ಕೇಳೂದು, ಇದು ಸಾಕಾಗಿನ ನಾ ಇದನ್ನ ಕಲ್ತದ್ದು. ಮತ್ತ ಅಲ್ಲಿಗೇ ಹೋಗಾಕ ನನ್ನ ಕಡಿಂದ ಆಗೂದಿಲ್ಲ." ಅವರ ಮುಖದಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು. ಆ ಸಿಟ್ಟು ನನಗೆ ಹಿಡಿಸಿತು.

ನನಗೊಂದು ಚಟ. ಕೆಟ್ಟದ್ದು ಯಾಕೆ ಕೆಟ್ಟಿತು ಎಂದು ತಿಳಿಯುವವರೆಗೆ ಊಟ ರುಚಿಸುವುದಿಲ್ಲ. ಆ ತಂತ್ರಾಂಶವನ್ನು ಪೈಥಾನ್ ಎಂಬ ಭಾಷೆಯಲ್ಲಿ ಬರೆದಿದ್ದರು. ನಾನು ಮಕ್ಕಳಿಗೆ ಕಲಿಸುತ್ತಿದ್ದದ್ದೂ ಅದನ್ನೇ. ಬರೆದದ್ದನ್ನು ಬರೆದ ಹಾಗೇ ಓದಿಕೊಂಡು ನಡೆಯುವ ಸರಳ ಭಾಷೆ, ಆದರೆ ನಿಧಾನ. ಕ್ಷಣಕ್ಷಣಕ್ಕೂ ದನಿ ಹುಟ್ಟಿಸುವಂಥ ದುಡಿಮೆ ಅದರಿಂದಾಗದು. ಹಾಗಾಗಿ ದನಿಯ ಭಾಗವನ್ನು ಸಿ ಭಾಷೆಯಲ್ಲಿ ಬರೆದು, ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶದಿಂದ ಯಂತ್ರಕ್ಕೆ ತಿಳಿಯುವ ರೂಪಕ್ಕೆ ಇಳಿಸಿ, ಒಂದು ಮಾಡ್ಯೂಲಾಗಿ ಪೈಥಾನಿಗೆ ಜೋಡಿಸುತ್ತಾರೆ. ಹೀಗೆ ಇಳಿಸುವುದಕ್ಕೆ ನಾನು ಕಟ್ಟುವುದು ಎನ್ನುತ್ತೇನೆ. ಒಂದು ಪೈಥಾನಿಗೆಂದು ಕಟ್ಟಿದ ಮಾಡ್ಯೂಲು ಇನ್ನೊಂದು ಪೈಥಾನಿನಲ್ಲಿ ಸಾಮಾನ್ಯವಾಗಿ ಕೂರುವುದಿಲ್ಲ. ತಂತ್ರಾಂಶ ಹೊಸದಾದಾಗ ಅದರೊಳಗಿನ ಪೈಥಾನೂ ಹೊಸದಾಗಿತ್ತು. ಹಳೆಯ ದನಿ ಹೊರಗೆ ಉಳಿದಿತ್ತು, ಅಷ್ಟೇ. ಅದನ್ನು ಬರೆದವರು ಬಿಟ್ಟು ಎಷ್ಟೋ ಕಾಲವಾಗಿತ್ತು, ಆದರೆ ಮೂಲ ಬರಹ ಮಾತ್ರ ಅಂತರ್ಜಾಲದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿದ್ದಿತ್ತು.

ನಾನು ಅಲ್ಲಿಯವರೆಗೆ ಯಾವ ಮಾಡ್ಯೂಲನ್ನೂ ಕಟ್ಟಿದವಳಲ್ಲ. ಬೇರೆಯವರು ಕಟ್ಟಿಟ್ಟದ್ದನ್ನು ಒಂದು ಸಾಲಿನ ಆಜ್ಞೆ ಕೊಟ್ಟು ತರಿಸಿಕೊಳ್ಳುವುದಷ್ಟೇ ಗೊತ್ತಿತ್ತು, ಪೇಟೆಯಿಂದ ಹಿಟ್ಟು ತಂದು ರೊಟ್ಟಿ ತಟ್ಟುವವರಿಗೆ ಬೀಸುವ ಕಷ್ಟ ತಿಳಿಯದ ಹಾಗೆ. ಲ್ಯಾಬಿನ ಕಂಪ್ಯೂಟರೊಂದಕ್ಕೆ ಕಂಪೈಲರ್ ಹಾಕಿದೆ. ಮೊದಲ ಆಜ್ಞೆಗೇ ಪೈಥಾನಿನ ಹೆಡರ್ ಫೈಲ್ ಎಲ್ಲಿದೆ ಎಂದು ಅದು ಕೇಳಿತು. ಪೈಥಾನಿನ ಒಳಗೆ ಏನೇನಿದೆ, ಅದನ್ನು ಹೇಗೆ ಕರೆಯಬೇಕು ಎಂಬ ವಿವರ ಅದರಲ್ಲಿರುತ್ತದೆ. ಅದನ್ನು ತೋರಿಸಿದರೆ ಬೇರೆ ತಕರಾರು. ಎಲ್ಲ ತಕರಾರು ತೀರಿಸಿ, ಪರದೆಯ ತುಂಬ ಸಾಲುಗಳು ಓಡತೊಡಗಿ, ಇನ್ನೇನು ಆಯಿತು ಎನ್ನುವಾಗ ಕರೆಂಟು ಹೋಯಿತು. ಫೋನ್ ಮಾಡಿ ಗೋಳು ಹೇಳಿಕೊಂಡರೆ ಟೀಚರ್ ಬಿದ್ದು ಬಿದ್ದು ನಕ್ಕರು. "ನಮ್ಮ ಮನಿಯವರೇ ತಗದಿರಬೇಕ್ರಿ. ನಿಮ್ಮ ಕಡೆ ಒಂದು ಟೊಂಗಿ ಬಿದ್ದೈತಿ ಅಂತ ಮುಂಜಾನೆ ಹೋಗ್ಯಾರ." ಅವರ ಗಂಡ ಪ್ರಕಾಶ ಲೈನ್‌ಮನ್. ನಾನು ಯಾರನ್ನು ಬೈಯುತ್ತ ಕೂತಿದ್ದೆನೋ ಅವರು ಇವರ ಮನೆಯವರೇ ಎಂದು ತಿಳಿದು ಬೈಗುಳ ನುಂಗಿಕೊಂಡೆ.

ಕಡೆಗೂ ಕಟ್ಟಿತು. ಮೊದಲ ಸಲ ಅರವತ್ನಾಲ್ಕು ಬಿಟ್ಟಿನ ಲೆಕ್ಕದಲ್ಲಿ ಕಟ್ಟಿಬಿಟ್ಟಿದ್ದೆ, ಆ ತಂತ್ರಾಂಶ ಒಂದು ತುತ್ತಿಗೆ ಮೂವತ್ತೆರಡು ಬಿಟ್ಟು ಮಾತ್ರ ಹಿಡಿಯುವಂಥದ್ದು, ಮುಖ ಸಹ ನೋಡಲಿಲ್ಲ. ಮತ್ತೆ ಕಟ್ಟಿ ಹಾಕಿದಾಗ ಲ್ಯಾಬಿನ ಸ್ಪೀಕರಿನಿಂದ ಆ ತಗಡಿನ ದನಿ ಹೊರಟಿತು. ಹೊರಗೆ ನಿಂತ ಹುಡುಗಿಯರೆಲ್ಲ ಒಳಗೆ ಬಂದು "ಯಾರ್ರಿ ಮೇಡಂ ಇದು, ಕೋಳಿ ಕೂಗಿದಂಗ ಕನ್ನಡ ಮಾತಾಡಾಕತ್ತಾರ?" ಎಂದು ನಕ್ಕರು. ನಾನೂ ನಕ್ಕೆ.

ಮರುದಿನ ಭಾನುವಾರ, ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ಸುರೇಬಾನಕ್ಕೆ ಹೋಗುವಷ್ಟು ತಾಳ್ಮೆ ನನಗಿರಲಿಲ್ಲ. ಫೈಲನ್ನು ಅಂತರ್ಜಾಲದಲ್ಲೇ ಕಳಿಸಿ, ಫೋನಿನಲ್ಲಿ ಹಂತ ಹಂತವಾಗಿ ಹೇಳುತ್ತ ಹೋದೆ. ಈಗಿನ ದನಿ ತೆಗೆಯಿರಿ, ಇದನ್ನು ಅಲ್ಲಿಡಿ, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಿರಿ. ಅವರು ತೆರೆದರು. ಏನೂ ಕೇಳಲಿಲ್ಲ. ಇನ್ನೊಂದು ಸಲ ತೆರೆಯಲು ಹೇಳಿದೆ. ಆಗಲೂ ಇಲ್ಲ.

"ಟೀಚರ್, ಪರದಿ ಮ್ಯಾಲೆ ಏನ್ ಬಂದದ ಹೇಳ್ರಿ?" ಎಂದು ಕೇಳಿಬಿಟ್ಟೆ.

"ಅದನ್ನ ಹೇಳೂದನ್ನ ನೀವ ತಗಿಸಿದ್ರೆಲ್ರಿ ಮೇಡಂ" ಎಂದರು ಅವರು.

ಕಿವಿಯವರೆಗೆ ಮುಖ ಬಿಸಿಯಾಯಿತು. ದನಿ ಕೂರಲಿಲ್ಲ ಎಂಬ ಸುದ್ದಿಯನ್ನು ಕಂಪ್ಯೂಟರು ಹೇಳಬೇಕಾದದ್ದು ಅದೇ ದನಿಯಲ್ಲಿ. ಕಣ್ಣಿರುವವಳ ಬುದ್ಧಿಗೆ ಇದು ಹೊಳೆದೇ ಇರಲಿಲ್ಲ. ಪ್ರಕಾಶ ಅವರು ಕಂಬ ಇಳಿದು ಮನೆಗೆ ಬರುವವರೆಗೆ ಟೀಚರ್ ಆ ಮೂಕ ಯಂತ್ರದ ಮುಂದೆ ಕೂತಿದ್ದರು. ಅವರು ಬಂದು, ತೋಯ್ದ ಅಂಗಿಯಲ್ಲೇ, ಇಂಗ್ಲಿಷನ್ನು ಒಂದೊಂದೇ ಅಕ್ಷರ ಮಾಡಿ ನನಗೆ ಫೋನಿನಲ್ಲಿ ಓದಿದರು. ಹೇಳಿದ ಮಾಡ್ಯೂಲು ಸಿಗಲಿಲ್ಲ ಎಂದಿತ್ತು. ಸಿಗಲಿಲ್ಲ ಹೇಗೆ? ಫೈಲು ಅಲ್ಲೇ ಇದೆ ಎಂದು ಅವರೇ ಹೇಳುತ್ತಿದ್ದಾರೆ! ತೆಗೆಸಿದ್ದ ಇಂಪಿನ ದನಿಯನ್ನೇ ಮತ್ತೆ ಹಾಕಿಸಿ ಫೋನ್ ಇಟ್ಟೆ.

ಸೋಮವಾರ ಶಾಲೆಗೆ ಹೋದಾಗ ಟೀಚರ್ ನೇರವಾಗಿ ಹೇಳಿದರು. "ನಿನ್ನಿ ಭಾಳ ಸಿಟ್ಟು ಬಂದಿತ್ತು, ನಿಮ್ಮ ಮ್ಯಾಲೆ. ಈಗಿಲ್ಲ. ಆದ್ರ ಒಂದು ಮಾತು. ಹೊಸಾದು ಮಾತಾಡೂತನಕ ಹಳೇದರ ಬಾಯಿ ಮುಚ್ಚಸಬ್ಯಾಡ್ರಿ. ಮಾತ ಬರಲಿಲ್ಲಂದ್ರೂ ಒಂದು ಸಿಳ್ಳಿನರ ಹೊಡೀಲಿ, ಅದು ಸತ್ತೈತೋ ಬದಕೈತೋ ನನಗ ತಿಳೀಬೇಕು." ನಾನು ಒಪ್ಪಿಕೊಂಡೆ. ಕಂಪ್ಯೂಟರಿನ ಸಣ್ಣ ಪೀಂ ಎಂಬ ಸದ್ದಿಗೆ ಯಾವ ದನಿಯ ಹಂಗೂ ಇಲ್ಲ. ಮೊದಲು ಹೊಸ ಮಾಡ್ಯೂಲನ್ನು ಕರೆದು ನೋಡಿ, ಕೂತರೆ ಎತ್ತರದ ಸಿಳ್ಳು, ಕೂರದಿದ್ದರೆ ದಪ್ಪ ಸಿಳ್ಳು ಹೊಡೆದು ತಪ್ಪು ಏನೆಂಬುದನ್ನು ಈಗಿರುವ ಇಂಪಿನ ದನಿಯಲ್ಲೇ ಓದುವ ಹಾಗೆ ಪೈಥಾನಿನಲ್ಲಿ ಒಂದು ಪುಟ್ಟ ಕಾರ್ಯಕ್ರಮ ಬರೆದೆ. ಬರೆದು ಮುಗಿಸಿದ ಮೇಲೆ ಇದನ್ನು ಮೊದಲೇ ಯಾಕೆ ಬರೆಯಲಿಲ್ಲ ಎಂದು ನನಗೇ ಅಚ್ಚರಿಯಾಯಿತು.

ಆದರೆ ಅಲ್ಲೇ ಇರುವ ಫೈಲು ಸಿಗುವುದಿಲ್ಲ ಎಂಬ ಒಗಟು ಹಾಗೇ ಇತ್ತು. ನನ್ನ ಲ್ಯಾಬಿನಲ್ಲಿ ಮಾತಾಡುತ್ತದೆ, ಕಾಲೇಜಿನ ಕ್ಲಾರ್ಕರ ಕಂಪ್ಯೂಟರಿನಲ್ಲಿ ಹಾಕಿದರೆ ಮೂಕ. ಆಗಸ್ಟ್ ಹೋಗಿ ಸೆಪ್ಟೆಂಬರ್ ಬಂತು. ಊರಿಗೆ ಹೋದರೆ ಊಟದ ತಟ್ಟೆಯ ಮುಂದೆಯೂ ಅದೇ ಯೋಚನೆ. "ಆ ಕಂಪ್ಯೂಟರಿಗೆ ಗಂಟಲಾ ಬಿದ್ದಿದ್ರ ಬಿಸಿನೀರರೆ ಕುಡಸು, ನೀ ಮೊದಲ ಉಣ್ಣು" ಎಂದು ಅವ್ವ ರೇಗಿಸುತ್ತಿದ್ದಳು.

ಅಂಥದೊಂದು ಸಲ ಬೈಲಹೊಂಗಲದಿಂದ ತಿರುಗಿ ಬರುವಾಗ ಮನೋಳಿಯಲ್ಲಿ ಬಸ್ಸು ನಿಂತುಬಿಟ್ಟಿತು. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು, ನೀರು ಇಳಿದ ಮೇಲೇ ಮುಂದಿನ ಮಾತು ಎಂದ ಡ್ರೈವರ್. ನನ್ನ ಹಿಂದಿನ ಸೀಟುಗಳಲ್ಲಿ ಹೆಣ್ಣು ಗೊತ್ತು ಮಾಡಲು ಹೊರಟ ಬೀಗರ ಗುಂಪು. ಅವರ ಗುರಿ ಮನೋಳಿಯೇ ಆಗಿತ್ತು. ಹೆಣ್ಣಿನ ಮನೆ ಕೂಗಳತೆಯಲ್ಲಿದೆ, ಕರೆಯಲು ಬಂದವರು ಕೊಡೆ ಹಿಡಿದು ಬಸ್ಸಿನ ಬಾಗಿಲಲ್ಲೇ ನಿಂತಿದ್ದಾರೆ, ಆದರೂ ಇವರು ಇಳಿಯುತ್ತಿಲ್ಲ.

"ಬರ್ರಿ ಮತ್ತ, ಚಹಾ ಆರಿ ಹೋಗತೈತಿ" ಎಂದರು ಕರೆಯಲು ಬಂದವರು.

"ಹೆಂಗ ಬರೂದ್ರಿ? ಸೋದರಮಾವ ಹಿಂದಿನ ಬಸ್ಸಿಗೆ ಅದಾನ. ಅಂವ ಇಲ್ಲದ ಹೊಸ್ತಿಲಾ ದಾಟಾಂಗಿಲ್ಲ" ಎಂದಳು ಗಂಡಿನ ತಾಯಿ, ಉಡಿ ತುಂಬುವ ಸೀರೆಯ ಗಂಟನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು. ಅವರಲ್ಲೊಬ್ಬ ಪೆಚ್ಚಾಗಿ ಮನೆಯ ಕಡೆ ತಿರುಗಿ, "ಇನ್ನೂ ಬಂದಿಲ್ಲಂತ" ಎಂದು ಕೂಗಿ ಹೇಳಿದ.

ಬೀಗರು ಕಣ್ಣೆದುರು ಕೂತಿದ್ದಾರೆ, ಆದರೂ ಮನೆಗೆ ಮುಟ್ಟಿದ ಸುದ್ದಿ ಬಂದಿಲ್ಲ ಎಂಬುದೇ. ಬರದಿದ್ದದ್ದು ಸೋದರಮಾವ. ನಾನು ಸೀಟಿನಲ್ಲಿ ನೆಟ್ಟಗೆ ಕೂತೆ. ನನ್ನ ಮಾಡ್ಯೂಲೂ ಸಿಗದೇ ಹೋಗಿರಲಿಲ್ಲ, ಅದರ ಜೊತೆಯವರು ಯಾರೋ ಸಿಕ್ಕಿರಲಿಲ್ಲ! ಲ್ಯಾಬಿನ ಕಂಪ್ಯೂಟರಿನಲ್ಲಿ ಕಂಪೈಲರ್ ಇತ್ತು, ಅದರೊಡನೆ ಬಂದ ಲೈಬ್ರರಿಗಳು, ಅಂದರೆ ಬೇರೆ ತಂತ್ರಾಂಶಗಳು ಎರವಲು ಪಡೆಯುವ ಸಿದ್ಧ ಫೈಲುಗಳು ಇದ್ದವು. ನಾನು ಕಟ್ಟಿದ ದನಿ ಅವುಗಳಲ್ಲೊಂದರ ಕೈ ಹಿಡಿದೇ ಒಳಗೆ ಬರುತ್ತಿತ್ತು. ಟೀಚರ ಲ್ಯಾಪ್‌ಟಾಪಿನಲ್ಲಿ ಆ ಲೈಬ್ರರಿ ಇರಲಿಲ್ಲ. ಕಂಪ್ಯೂಟರು ಅದನ್ನು ಹೇಳದೆ ಮಾಡ್ಯೂಲೇ ಬಂದಿಲ್ಲ ಎಂದು ನಮ್ಮನ್ನು ಸತಾಯಿಸಿತ್ತು. ಆ ಸೋದರಮಾವ ಬಂದು, ಎಲ್ಲರೂ ಇಳಿದು, ಗುಂಪು ನಗುತ್ತ ಹೊರಟಾಗ ನನಗೂ ಅವರ ಹಿಂದೆ ಹೋಗಿ ಒಂದು ಚಹಾ ಕುಡಿದು ಬರೋಣ ಅನ್ನಿಸಿತು.

ಆ ವಾರವೇ ಸುರೇಬಾನಕ್ಕೆ ಹೋದೆ. ಬುದ್ಧನ ಪಟದ ಕೆಳಗಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಟೀಚರ್ ಕೂತರು, ಬೇಕಾದ ಲೈಬ್ರರಿಯನ್ನೂ ಜೊತೆಗೆ ಕೊಟ್ಟೆ. ನಾನು ಕೈ ಹಚ್ಚಲು ಹೋದರೆ ಅವರು ಮೊಣಕೈಯಿಂದ ಸರಿಸಿದರು. ತಾವೇ ಹಾಕಿ, ಮುಚ್ಚಿ ತೆರೆದರು. ಆಮೇಲೆ ಎತ್ತರದ ಸಿಳ್ಳು, ಅದರ ಬೆನ್ನಿಗೇ ತಗಡಿನ ದನಿ. ಟೀಚರ್ ವೇಗ ಏರಿಸಿದರು, ಏರಿಸಿ ಏರಿಸಿ ಅದು ಮಳೆ ಹೆಂಚಿನ ಮೇಲೆ ಬಿದ್ದಂತಾಯಿತು. ಅವರು ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ ಕೇಳುತ್ತಲೇ ಇದ್ದರು. "ಬಂತ್ರಿ" ಎಂದರು ಸಣ್ಣಗೆ. ಅವರ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಪ್ರಕಾಶ ಅವರು ಏನೂ ಆಗದವರಂತೆ ನನ್ನ ಮುಂದೆ ಪುಂಡಿಪಲ್ಯ, ರೊಟ್ಟಿ ತಂದಿಟ್ಟರು.

ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಊಟವಾದ ಮೇಲೆ ಟೀಚರ್ ಕೇಳಿದರು, "ಮುಂದ ಆ ಪೈಥಾನ್ ಮತ್ತ ಬದಲಾದ್ರ?"

"ನಾ ಮತ್ತ ಕಟ್ಟಿ ಕೊಡತೀನಿ."

"ನೀವು ಇಲ್ಲಿ ಎಷ್ಟ ದಿನಾ ಇರತೀರಿ? ನನಗ ಕಟ್ಟೂದು ಕಲಸ್ರಿ."

ನನ್ನ ಕಾಲೇಜಿನ ಮಕ್ಕಳಿಗೆ ಆ ಕಪ್ಪು ಕಿಟಕಿ, ಅಂದರೆ ಚಿತ್ರಗಳಿಲ್ಲದೆ ಬರೀ ಆಜ್ಞೆ ಟೈಪ್ ಮಾಡುವ ಜಾಗ ಎಂದರೆ ಜ್ವರ ಬರುತ್ತಿತ್ತು. ಟೀಚರಿಗೆ ಅದಕ್ಕಿಂತ ಹಿತವಾದ ಜಾಗ ಕಂಪ್ಯೂಟರಿನಲ್ಲಿ ಇನ್ನೊಂದಿರಲಿಲ್ಲ. ಅಲ್ಲಿ ಇರುವುದೆಲ್ಲ ಅಕ್ಷರ, ಅಕ್ಷರವೆಲ್ಲ ಕಿವಿಗೆ ಬರುತ್ತದೆ. ದಸರಾ ಸೂಟಿಯಲ್ಲಿ ಊರಿಗೆ ಹೋಗದೆ ಸುರೇಬಾನಕ್ಕೆ ಓಡಾಡಿದೆ. ಅವರ ಲ್ಯಾಪ್‌ಟಾಪಿನಲ್ಲೇ ಕಂಪೈಲರ್ ಹಾಕಿದೆವು. ಕಂಪೈಲರ್ ಒದರುವ ಎಚ್ಚರಿಕೆಗಳನ್ನು ನಾನು ಎಂದೂ ಓದಿದವಳಲ್ಲ, ಅವರಾದರೋ ಎಲ್ಲವನ್ನೂ ಕೇಳುತ್ತಿದ್ದರು. "ಏನ್ ಕಿರಿಕಿರಿ ಮಾಡತೈತ್ರಿ ಇದು, ನಮ್ಮ ಅತ್ತಿ ಇದ್ದಾಗ ಹಿಂಗ ಇತ್ತು" ಎಂದು ನಗುವರು. ಸಿ ಭಾಷೆ ಅವರಿಗೆ ಪೂರ್ತಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಯಾವ ಪೈಥಾನು, ಎಷ್ಟು ಬಿಟ್ಟು, ಹೆಡರ್ ಎಲ್ಲಿ, ಜೊತೆಯವರು ಯಾರು ಎಂಬ ವಿಚಾರಣೆ ಮಾತ್ರ ಬಾಯಿಪಾಠವಾಯಿತು. ತಪ್ಪಾದರೆ ದಪ್ಪ ಸಿಳ್ಳು ಕೇಳಿ, ಪ್ರಕಾಶ ಅವರು ಅಂಗಳದಿಂದಲೇ "ಮತ್ತ ಮುನಿಸ್ಕೊಂತೇನು?" ಎನ್ನುವರು.

ಶಾಲೆ ಶುರುವಾದ ದಿನ ಹೆಡ್ ಮಾಸ್ತರರು ಸ್ಟಾಫ್ ರೂಮಿಗೆ ಬಂದರು. ಹೊಸ ಟೈಮ್‌ಟೇಬಲ್ ಅವರ ಕೈಯಲ್ಲೇ ಇತ್ತು. ಸಾಕ್ಷಿಗೆಂದು ನನ್ನನ್ನೂ ಕರೆಸಿದ್ದರು. "ಸರ್, ಒಂದು ಪ್ರಶ್ನೆ ಹೇಳ್ರಿ" ಎಂದರು ಟೀಚರ್. ಅವರು ಹೇಳಿದರು, ಇವರು ಟೈಪ್ ಮಾಡಿದರು, ದನಿ ಚಟಚಟ ಓದಿತು.

"ಇದು ಕನ್ನಡನ ಏನ್ರಿ?" ಎಂದರು ಹೆಡ್ ಮಾಸ್ತರರು ಗಾಬರಿಯಿಂದ.

"ಕನ್ನಡನ ಸರ್. ನಿಮ್ಮ ಪ್ರಶ್ನೆದಾಗ 'ವಿವರಿಸಿ' ಎರಡ ಸಲ ಬಂದೈತಿ. ಒಂದು ತಗೀಲೇನ್ರಿ?"

ಹೆಡ್ ಮಾಸ್ತರರು ಗಟ್ಟಿಯಾಗಿ ನಕ್ಕುಬಿಟ್ಟರು. ಪೆನ್ನು ತೆಗೆದು ಟೈಮ್‌ಟೇಬಲಿನಲ್ಲಿ ಹತ್ತನೇ ಕ್ಲಾಸಿನ ಮುಂದೆ ಬರೆದಿದ್ದ ಬೇರೆಯವರ ಹೆಸರು ಹೊಡೆದುಹಾಕಿ, "ಹೋಗ್ರಿ ಟೀಚರ್, ಬೆಲ್ ಆಗೇತಿ" ಎಂದರು. ಸುಜಾತಾ ಟೀಚರ್ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು, ಗೋಡೆ ಸಹ ಮುಟ್ಟದೆ ಹೊರಟುಹೋದರು.

ಮಾರ್ಚಿನಲ್ಲಿ ನನ್ನ ಅವಧಿ ಮುಗಿದು ಬೈಲಹೊಂಗಲಕ್ಕೆ ಬಂದೆ. ಬೇಸಿಗೆ ಏರುವ ಹೊತ್ತಿಗೆ ಆ ತಂತ್ರಾಂಶದ ಹೊಸ ಆವೃತ್ತಿ ಬಂದಿದೆ, ಅದರೊಳಗಿನ ಪೈಥಾನೂ ಬದಲಾಗಿದೆ ಎಂದು ಓದಿದೆ. ಮಳೆಗಾಲದ ಆ ಭಾನುವಾರದ ಮೌನ ಕಿವಿಯಲ್ಲಿ ತುಂಬಿತು. ಕೂತು ಹೊಸದಾಗಿ ಕಟ್ಟಿ, ಪೆನ್‌ಡ್ರೈವಿಗೆ ಹಾಕಿಕೊಂಡು, ಫೋನು ಸಹ ಮಾಡದೆ ಸವದತ್ತಿ, ರಾಮದುರ್ಗ ದಾಟಿ ಸುರೇಬಾನಕ್ಕೆ ಹೋದೆ. ನಿಜ ಹೇಳಬೇಕೆಂದರೆ ಅವರು ಕಾಯುತ್ತಿರಬಹುದು ಎಂಬ ಹಿಗ್ಗೂ ಇತ್ತು.

ಬಾಗಿಲಲ್ಲೇ ತಗಡಿನ ದನಿ ಕೇಳಿತು, ಮೊದಲಿನ ವೇಗದಲ್ಲೇ.

"ಹೋದ ವಾರನ ಕಟ್ಟಿ ಹಾಕ್ಕೊಂಡೇನ್ರಿ" ಎಂದರು ಟೀಚರ್, ನನ್ನ ಕೈ ಹಿಡಿದು ಕೂರಿಸಿಕೊಂಡು. "ಮೂರ್ನಾಲ್ಕ ಸಲ ದಪ್ಪ ಸಿಳ್ಳಿ ಹೊಡೀತು. ನಿಮಗ ಫೋನ್ ಮಾಡಬೇಕು ಅನಿಸ್ತು, ಮಾಡಲಿಲ್ಲ. ಬ್ಯಾಸರಾ ಏನ್ರಿ?"

ಬೇಸರವೇ ಆಗಿತ್ತು, ಒಂದಿಷ್ಟು. ಅದಕ್ಕಿಂತ ಹೆಚ್ಚಿನ ಸಂತೋಷವೂ ಆಗಿತ್ತು. ಎರಡನ್ನೂ ಹೇಳಿದೆ. ಅವರು ನಕ್ಕು, "ಹಂಗಾರ ಪೆನ್‌ಡ್ರೈವ್ ಕೊಡ್ರಿ. ಧಾರವಾಡದಾಗ ನನ್ನಂಗನ ಕಣ್ಣ ಕಾಣದ ಗೆಳತಿ ಒಬ್ಬಾಕಿ ಅದಾಳ, ಆಕಿಗೂ ಈ ದನೀನ ಬೇಕಂತ" ಎಂದರು. ಬಂದದ್ದು ದಂಡವಾಗಲಿಲ್ಲ ಎಂದುಕೊಂಡು ಖುಷಿಯಿಂದ ಕೊಟ್ಟೆ. ಟೀಚರ್ ಅದನ್ನು ಚುಚ್ಚಿದರು. ನಾನು ಕಟ್ಟಿದ ಫೈಲಿನ ಹೆಸರನ್ನು ಅವರು ಕಟ್ಟಿದ ದನಿ ಓದಿತು. ಅವರು ಒಂದು ಗುಂಡಿ ಒತ್ತಿದರು. ನನಗೆ ತಿಳಿಯಲೆಂದು ವೇಗ ತಗ್ಗಿಸಿ ಇನ್ನೊಮ್ಮೆ ಕೇಳಿಸಿದರು. ಇದನ್ನು ಅಳಿಸಬೇಕೇ ಎಂದು ಅದು ಕೇಳುತ್ತಿತ್ತು.

"ಇದರಾಗ ಬರೀ ಮೂಲ ಬರಹ ಹಾಕಿ ಒಯ್ತೇನಿ, ಆಕಿಗೂ ಕಟ್ಟೂದನ್ನ ಕಲಸ್ತೇನ್ರಿ" ಎಂದು ಸುಜಾತಾ ಟೀಚರ್ ಹೌದು ಒತ್ತಿದರು.